ಬೈದು ಕರೆಯುವವರು

ಗಿರಾಕಿಯೇ ದೇವರು ಎಂಬ ಬೋರ್ಡು ನಮ್ಮ ಅಂಗಡಿಗಳ ಗೋಡೆಯ ಮೇಲೆ ಬಹುಕಾಲದಿಂದ ತೂಗುತ್ತಿದೆ. ಅದೇ ಗೋಡೆಯ ಮೇಲೆ, ಅದಕ್ಕೆ ಮಗ್ಗುಲಲ್ಲಿಯೇ, ‘ಇಂದು ನಗದು, ನಾಳೆ ಉದ್ರಿ’ ಎಂಬ ಇನ್ನೊಂದು ಬೋರ್ಡೂ ಇರುತ್ತದೆ. ಮೊದಲನೆಯದನ್ನು ಯಾರೂ ಓದುವುದಿಲ್ಲ. ಎರಡನೆಯದನ್ನು ಓದಿ ಒಂದಿಷ್ಟು ನಗದೆ ಯಾರೂ ಮುಂದೆ ಹೋಗುವುದಿಲ್ಲ. ದೇವರೆಂದು ಕರೆಸಿಕೊಂಡಾಗ ಎಚ್ಚರಾಗದ ಮನಸ್ಸು ತುಸು ಚುಚ್ಚಿಸಿಕೊಂಡಾಗ ಎಚ್ಚರಾಗುತ್ತದೆಂಬುದು ವ್ಯಾಪಾರಿಗಳು ಬಲ್ಲ ಹಳೆಯ ಗುಟ್ಟು. ಈಚೆಗೆ ಈ ಗುಟ್ಟು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಗಿರಾಕಿಯನ್ನು ಹಂಗಿಸಿ, ಹೀಯಾಳಿಸಿ, ಏಕವಚನದಲ್ಲಿ ಕೂಗಿ ಮಾಲು ಮಾರುವ ರೀತಿ ದೊಡ್ಡ ಊರುಗಳಲ್ಲಿ ಹಬ್ಬಿ, ಫೋನಿನ ಪರದೆಯ ದಾರಿಯಿಂದ ಬೀದರ, ಭಾಲ್ಕಿ, ಔರಾದಗಳನ್ನೂ ಮುಟ್ಟಿದೆ. ಇದರಿಂದ ಜನ ಬರುವರೋ, ದೂರ ಸರಿಯುವರೋ ಎಂಬುದು ವ್ಯಾಪಾರಿಗಳ ಚಿಂತೆ, ನಿಜ. ಆದರೆ ಜಾಹೀರಾತು ಮಾತಿನಿಂದ ಕಟ್ಟಿದ್ದು. ಮಾತಿನ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೂ ಅದರಲ್ಲಿ ಒಂದಿಷ್ಟು ಹಕ್ಕಿದೆಯೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಈ ವಿದ್ಯೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಸಾಬೂನು ಮಾರುವವರಲ್ಲ, ಬಟ್ಟೆ ಮಾರುವವರೂ ಅಲ್ಲ, ಸಿನಿಮಾದವರು. ಸಿನಿಮಾದವರಲ್ಲಿಯೂ ಶ್ರೀ ಉಪೇಂದ್ರ ಅವರು. 1992ರಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರದ ಹೆಸರೇ ‘ತರ್ಲೆ ನನ್ ಮಗ’. ಬೀದಿಯಲ್ಲಿ ಅಪರಿಚಿತನಿಗೆ ಅಂದರೆ ಜಗಳ, ಮನೆಯಲ್ಲಿ ಸ್ವಂತ ಮಗನಿಗೆ ಅಂದರೆ ಮುದ್ದು ಆಗುವ ಮಾತು ಅದು. ಗೋಡೆಗೆ ಅಂಟಿಸಿದ ಪೋಸ್ಟರು ಬೀದಿಯದೋ ಮನೆಯದೋ? ಆ ಸಂದಿಗ್ಧದಲ್ಲಿಯೇ ಅದರ ಆಕರ್ಷಣೆಯೆಲ್ಲ ಇತ್ತು. ನಾಯಕನಾಗಿದ್ದ ಶ್ರೀ ಜಗ್ಗೇಶ್ ಅವರ ಇನ್ನೊಂದು ಚಿತ್ರ ‘ಭಂಡ ನನ್ನ ಗಂಡ’ ಕೂಡ ಅದೇ ವರ್ಷದ್ದು. ಮರ್ಯಾದಸ್ಥರು ಮೂಗು ಮುರಿದರು; ಟಿಕೇಟಿನ ಕಿಂಡಿಯಲ್ಲಿ ಹೆಸರು ಹೇಳಲು ಅವರಿಗೆ ಸಂಕೋಚ. ಆದರೆ ನಮ್ಮ ಕಡೆಯ ಜಾತ್ರೆಗಳಲ್ಲಿ ‘ಕುಂಟ ಕೋಣ ಮೂಕ ಜಾಣ’ ನಾಟಕವನ್ನು ನೋಡಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಕಂಪನಿಯ ತಗಡಿನ ಥಿಯೇಟರು, ಧ್ವನಿವರ್ಧಕದಲ್ಲಿ ಹಗಲೆಲ್ಲ ಕೂಗುವ ಆ ಹೆಸರು, ರಾತ್ರಿ ಚಾಪೆಯ ಮೇಲೆ ನಕ್ಕು ಉರುಳುವ ಜನ. ಒರಟು ಹೆಸರು ಒಳಗಿನ ಒರಟು ಹಾಸ್ಯಕ್ಕೆ ಕೊಟ್ಟ ಪ್ರಾಮಾಣಿಕವಾದ ಮುನ್ಸೂಚನೆಯಾಗಿತ್ತು, ಮೋಸವೇನೂ ಇರಲಿಲ್ಲ.

1998ರಲ್ಲಿ ಬಂದ ‘ಎ’ ಚಿತ್ರ ಮಾಡಿದ್ದು ಬೇರೆ. ಸೆನ್ಸಾರಿನವರು ವಯಸ್ಕರ ಚಿತ್ರಕ್ಕೆ ಒತ್ತುವ ಅಕ್ಷರವನ್ನೇ ಅದು ಹೆಸರಾಗಿ ಹೊತ್ತಿತ್ತು. ಹೆಸರಿನ ಕೆಳಗೆ ಒಂದು ಒಕ್ಕಣೆ: ‘ಬುದ್ಧಿವಂತರಿಗೆ ಮಾತ್ರ’. ಈ ಎರಡು ಶಬ್ದಗಳನ್ನು ವ್ಯಾಕರಣದ ದೃಷ್ಟಿಯಿಂದ ಸ್ವಲ್ಪ ನೋಡಬೇಕು. ಇದರಲ್ಲಿ ಕ್ರಿಯಾಪದವಿಲ್ಲ. ‘ನೀನು’ ಇಲ್ಲ, ‘ನೀವು’ ಇಲ್ಲ. ಒಂದು ಚತುರ್ಥೀ ವಿಭಕ್ತಿ, ಅದರ ಬೆನ್ನಿಗೆ ಒಂದು ‘ಮಾತ್ರ’. ಬಾಗಿಲನ್ನು ಹಾಕಿದವರು ಯಾರು, ಹೊರಗೆ ಉಳಿದವರು ಯಾರು ಎಂದು ಹೇಳುವ ಗೋಜಿಗೇ ಹೋಗಿಲ್ಲ. ಓದಿದವನು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಬೇಕು. ತನ್ನನ್ನು ದಡ್ಡರ ಸಾಲಿನಲ್ಲಿ ನಿಲ್ಲಿಸಿಕೊಳ್ಳುವ ಮನುಷ್ಯ ಹುಟ್ಟಿರುವನೆ? ಆದ್ದರಿಂದ ನೋಡುವುದಕ್ಕೆ ಬೈಗುಳದ ಹಾಗೆ ಇದ್ದ ಈ ಮಾತು ನಿಜದಲ್ಲಿ ಹೊಗಳಿಕೆ. ಬೈಗುಳವೆಲ್ಲ ಟಿಕೇಟು ಕೊಳ್ಳದ ಯಾರೋ ಒಬ್ಬನ ಪಾಲಿಗೆ. ಕಥೆಯನ್ನು ನೇರವಾಗಿ ಹೇಳದೆ ಹಿಂದುಮುಂದಾಗಿ ಹೇಳಿದ ಆ ಚಿತ್ರ ನೋಡುವವನಿಂದ ಸ್ವಲ್ಪ ಬುದ್ಧಿಯನ್ನು ನಿಜವಾಗಿಯೂ ಬೇಡುತ್ತಿತ್ತು. ಒಕ್ಕಣೆ ಮತ್ತು ಚಿತ್ರ ಒಂದಕ್ಕೊಂದು ಸಾಕ್ಷಿಯಾಗಿ ನಿಂತವು. ಜನ ಬಂದರು, ಅರ್ಥವಾಗದವರು ಅರ್ಥವಾಯಿತೆಂದು ತೋರಿಸಿಕೊಳ್ಳಲು ಇನ್ನೊಮ್ಮೆ ಬಂದರೆಂದು ನನ್ನ ಗುಮಾನಿ. ನಾನೂ ಎರಡು ಸಲ ನೋಡಿದವನೇ.

ಮುಂದೆ ಅವರ ಆಟವೆಲ್ಲ ಸರ್ವನಾಮಗಳ ಮೇಲೆ ನಡೆಯಿತು. 1999ರ ‘ಉಪೇಂದ್ರ’ ಚಿತ್ರದ ನಾಯಕನ ಹೆಸರು ‘ನಾನು’. 2015ರ ‘ಉಪ್ಪಿ 2’ರಲ್ಲಿ ಅವನು ‘ನೀನು’. ಉತ್ತಮ ಪುರುಷ ಮುಗಿದು ಮಧ್ಯಮ ಪುರುಷ ಬಂದ ಹಾಗೆ. 2024ರ ಡಿಸೆಂಬರ್ 20ರಂದು ಬಿಡುಗಡೆಯಾದ ‘ಯುಐ’ ಚಿತ್ರದಲ್ಲಿ ಆ ಮಧ್ಯಮ ಪುರುಷ ಪರದೆಯಿಂದ ಇಳಿದು ಕುರ್ಚಿಯಲ್ಲಿ ಕುಳಿತವನ ಕೊರಳಪಟ್ಟಿಗೇ ಕೈ ಹಾಕುತ್ತಾನೆ. ಚಿತ್ರದ ಪ್ರಾರಂಭದಲ್ಲಿಯೇ ಒಂದು ಸೂಚನೆ: ಬುದ್ಧಿವಂತರಾಗಿದ್ದರೆ ಈಗಲೇ ಎದ್ದುಹೋಗಿ, ದಡ್ಡರಾಗಿದ್ದರೆ ಪೂರ್ತಿ ನೋಡಿ ಎಂಬ ತಾತ್ಪರ್ಯದ್ದು. ನಾನು ಬೀದರಿನಲ್ಲಿ ನೋಡಿದ ಆಟದಲ್ಲಿ ಸಿಳ್ಳುಗಳ ಮಳೆ ಸುರಿಯಿತು. ಒಬ್ಬನೂ ಏಳಲಿಲ್ಲ.

ಮರುವಾರ ತರಗತಿಯಲ್ಲಿ ವ್ಯಾಜಸ್ತುತಿಯ ಪಾಠ ಬಂದಿತ್ತು. ಉದಾಹರಣೆಗೆ ಇದನ್ನೇ ಎತ್ತಿಕೊಂಡೆ. ‘ನಿಮ್ಮನ್ನು ದಡ್ಡರೆಂದರೂ ಸಿಳ್ಳು ಹಾಕಿದಿರಲ್ಲ, ಏನು ಕಾರಣ?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಔರಾದ ಕಡೆಯವನು, ಎದ್ದು ನಿಂತು ಹೇಳಿದ: ‘ಅದು ನಮಗ ಅಂದಿದ್ದಲ್ರಿ ಸರ್. ಬಾಜೂಕ ಕೂತವಗ ಅಂದಿದ್ದು.’ ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಅಲಂಕಾರಶಾಸ್ತ್ರದ ಪುಸ್ತಕವನ್ನು ಮುಚ್ಚಿಡಬೇಕೆನಿಸಿತು. ಇಪ್ಪತ್ತೈದು ವರ್ಷಗಳ ಜಾಹೀರಾತಿನ ಗುಟ್ಟನ್ನು ಅವನು ಎರಡು ವಾಕ್ಯದಲ್ಲಿ ಬಿಚ್ಚಿಟ್ಟಿದ್ದ. ಬೈಗುಳ ರುಚಿಸಬೇಕಾದರೆ ಪಕ್ಕದಲ್ಲಿ ಒಬ್ಬ ಕುಳಿತಿರಬೇಕು. ಒಂಟಿಯಾಗಿರುವವನಿಗೆ ಬೈದರೆ ಅದು ಬರಿಯ ಬೈಗುಳವೇ.

ಆದರೆ ಈ ಎರಡು ಒಕ್ಕಣೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ‘ಎ’ ಚಿತ್ರದ ಮಾತು ಬಾಗಿಲ ಹೊರಗೆ, ಟಿಕೇಟು ಕೊಳ್ಳುವ ಮೊದಲು ಇತ್ತು. ಬೇಡವೆಂದರೆ ಮನೆಗೆ ಹೋಗಬಹುದಾಗಿತ್ತು. ‘ಯುಐ’ ಚಿತ್ರದ ಮಾತು ಹಣ ಕೊಟ್ಟು ಕತ್ತಲಲ್ಲಿ ಕುಳಿತ ಮೇಲೆ ಬರುತ್ತದೆ. ಮೊದಲನೆಯದು ಕರೆ. ಎರಡನೆಯದು ಒಂದು ಬಗೆಯ ವಿಮೆ. ಚಿತ್ರ ಚೆನ್ನಾಗಿಲ್ಲ ಎಂದು ಯಾರಾದರೂ ಅಂದರೆ, ‘ನೀವು ಬುದ್ಧಿವಂತರು, ಮೊದಲೇ ಹೋಗಿ ಎಂದಿದ್ದೆವಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ಚೆನ್ನಾಗಿದೆ ಎಂದವನು ದಡ್ಡನೆಂದು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಳ್ಳುವುದರಲ್ಲಿಯೇ ತನ್ನ ಜಾಣತನವಿದೆಯೆಂದು ಅವನಿಗೆ ಸಂತೋಷ. ವಿಮರ್ಶಕನಿಗೆ ನಿಲ್ಲಲು ಒಂದು ಅಂಗುಲ ಜಾಗ ಉಳಿಯುವುದಿಲ್ಲ. ತರ್ಕದ ದೃಷ್ಟಿಯಿಂದ ಇದು ಚಮತ್ಕಾರವೆಂಬುದನ್ನು ಒಪ್ಪುತ್ತೇನೆ. ಚಿತ್ರದಲ್ಲಿ ಒಳ್ಳೆಯ ವಿಚಾರಗಳಿವೆಯೆಂಬುದನ್ನೂ ಒಪ್ಪುತ್ತೇನೆ. ಆದರೆ ತನ್ನ ಮಾಲಿನ ಮೇಲೆ ನಂಬಿಕೆಯಿರುವ ವ್ಯಾಪಾರಿ ದೂರು ಹೇಳುವವನ ಬಾಯನ್ನು ಮೊದಲೇ ಕಟ್ಟುವುದಿಲ್ಲ. ಇಲ್ಲಿ ಬೈಗುಳ ಗಿರಾಕಿಯನ್ನು ತರಲು ಬಂದದ್ದಲ್ಲ, ಬಂದ ಗಿರಾಕಿ ನಾಳೆ ಏನಾದರೂ ಅಂದಾನು ಎಂಬ ಭಯದಿಂದ ಬಂದದ್ದು. ಗಟ್ಟಿ ಗಂಟಲಿನ ಹಿಂದೆ ಒಂದು ಅಳುಕು ಕೇಳಿಸುತ್ತದೆ.

ಹೊರದೇಶದ ಪಂಡಿತರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಮಾರ್ಗನ್ ವಾರ್ಡ್ ಮತ್ತು ಡ್ಯಾರೆನ್ ಡಾಲ್ ಎಂಬ ಇಬ್ಬರು ಪ್ರಾಧ್ಯಾಪಕರ ಲೇಖನ 2014ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತುಂಬ ಬೆಲೆಯ, ಶ್ರೀಮಂತರ ಅಂಗಡಿಗಳಲ್ಲಿ ಮಾರುವವರು ಗಿರಾಕಿಯನ್ನು ತಿರಸ್ಕಾರದಿಂದ ಕಂಡರೆ ಆ ಮಾಲಿನ ಮೇಲಿನ ಆಸೆ ಕೆಲವರಲ್ಲಿ ಹೆಚ್ಚುತ್ತದೆಂಬುದು ಅವರ ನಿರ್ಣಯ. ಎಲ್ಲರಲ್ಲಿ ಅಲ್ಲ, ಆ ಶ್ರೀಮಂತರ ಸಾಲಿಗೆ ಸೇರಬೇಕೆಂದು ಹಂಬಲಿಸುವವರಲ್ಲಿ. ಸಾಧಾರಣ ಬೆಲೆಯ ಅಂಗಡಿಯಲ್ಲಿ ಅದೇ ಒರಟುತನಕ್ಕೆ ಅಂಥ ಫಲವಿಲ್ಲ. ಇನ್ನೊಂದು ಮಾತೂ ಅದರಲ್ಲಿದೆ: ಆಸೆ ಆ ಹೊತ್ತಿನದು, ದಿನ ಕಳೆದಂತೆ ಇಳಿದುಹೋಗುತ್ತದೆ, ಅವಮಾನ ಉಳಿಯುತ್ತದೆ. ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಮಗಳ ಸಂಬಂಧಕ್ಕಾಗಿ ದೊಡ್ಡವರ ಮನೆ ಬಾಗಿಲಲ್ಲಿ ಕಾದು ಬಂದ ತಂದೆಯನ್ನು ಕೇಳಿದ್ದರೆ ಸಾಕಿತ್ತು. ಆದರೂ ಅಂಕಿಗಳಿಂದ ಸಿದ್ಧವಾದ ಮಾತಿಗೆ ಈಗ ಹೆಚ್ಚು ಬೆಲೆ.

ಹತ್ತಿರದ ಉದಾಹರಣೆ ಬೇಕಾದವರು ಪುಣೆಗೆ ಹೋಗಬೇಕು. ನಮ್ಮ ತಾಲೂಕುಗಳಿಂದ ಕೂಲಿಗೂ ಓದಿಗೂ ಅಲ್ಲಿಗೆ ಹೋಗುವವರು ಬಹಳ. ಅವರೆಲ್ಲ ‘ಪುಣೇರಿ ಪಾಟಿ’ಗಳ ಕಥೆ ಹೊತ್ತು ಬರುತ್ತಾರೆ. ವಿನಾಕಾರಣ ಗಂಟೆ ಒತ್ತಬೇಡಿರಿ, ವಿಳಾಸ ಕೇಳಬೇಡಿರಿ, ಕೊಳ್ಳುವುದಿದ್ದರೆ ಮಾತ್ರ ಮುಟ್ಟಿರಿ ಎಂಬಂಥ ಹಲಗೆಗಳು. ಚಿತಳೆಯವರ ಮಿಠಾಯಿ ಅಂಗಡಿ ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಮುಚ್ಚುತ್ತಿದ್ದುದು ಎಷ್ಟು ಪ್ರಸಿದ್ಧವೆಂದರೆ, 2017ರಲ್ಲಿ ಆ ರೂಢಿ ಬಿಟ್ಟಾಗ ಅದೇ ಒಂದು ಸುದ್ದಿಯಾಯಿತು. ಪು. ಲ. ದೇಶಪಾಂಡೆಯವರು ಪುಣೆಯ ಅಂಗಡಿಕಾರರ ಈ ಠೀವಿಯನ್ನು ಕುರಿತು ಬರೆದ ಹಾಸ್ಯವನ್ನು ಮರಾಠಿ ಬಲ್ಲ ಬೀದರದವರು ಬಾಯಿಪಾಠವೇ ಮಾಡಿದ್ದಾರೆ. ಆದರೆ ಗಮನಿಸಬೇಕಾದದ್ದು, ಆ ಹಲಗೆಗಳನ್ನು ಬರೆದವರು ಜನರನ್ನು ಸೆಳೆಯಲೆಂದು ಬರೆಯಲಿಲ್ಲ. ಬಾಕರವಡಿ ಚೆನ್ನಾಗಿತ್ತು, ಸಾಲು ಉದ್ದವಿತ್ತು, ಮಧ್ಯಾಹ್ನ ನಿದ್ದೆ ಬರುತ್ತಿತ್ತು. ಒರಟುತನ ಅವರಿಗೆ ಸಹಜವಾಗಿ ಒದಗಿತು, ಪ್ರಸಿದ್ಧಿ ತಾನಾಗಿ ಬೆನ್ನು ಹತ್ತಿತು. ಈಗಿನವರು ಬಾಕರವಡಿಯನ್ನು ಮಾಡುವ ಮೊದಲೇ ಹಲಗೆ ಬರೆಸಲು ಹೊರಟಿದ್ದಾರೆ.

ಹಾಗೆ ಹೊರಟವರು ಮುಗ್ಗರಿಸಿದ್ದೂ ಉಂಟು. 2017ರಲ್ಲಿ ಝೊಮ್ಯಾಟೊ ಸಂಸ್ಥೆಯವರು ಎರಡು ತಿಂಡಿಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಬೀದಿಯ ದೊಡ್ಡ ಫಲಕಗಳ ಮೇಲೆ ಹಾಕಿದರು. ಆ ಅಕ್ಷರಗಳು ಹಿಂದಿಯಲ್ಲಿ ತಾಯಿಯನ್ನೂ ತಂಗಿಯನ್ನೂ ಎಳೆದು ತರುವ ಬೈಗುಳಗಳ ಸಂಕ್ಷೇಪಗಳು. ಆಕ್ಷೇಪಣೆ ಎದ್ದಿತು, ಫಲಕಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಗೆಳೆಯರ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತೇ ಆದರೂ, ಮಗಳನ್ನು ಶಾಲೆಗೆ ಕರೆದುಕೊಂಡು ಹೋಗುವ ದಾರಿಯಲ್ಲಿ ಎರಡಾಳೆತ್ತರ ನಿಂತಾಗ ಅದೇ ಮಾತಾಗಿ ಉಳಿಯುವುದಿಲ್ಲ. ಇದರ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ.

ಬಿರುಸು ಮಾತಿನಿಂದ ಕನ್ನಡದಲ್ಲಿ ನಿಜವಾದ ಓದುಗವರ್ಗವನ್ನು ಗಳಿಸಿದ ಒಂದು ಬ್ರಾಂಡು ಉಂಟು. ಅದನ್ನು ಬಿಟ್ಟರೆ ಅನ್ಯಾಯವಾದೀತು. 1980ರಲ್ಲಿ ಪಿ. ಲಂಕೇಶರು ಪ್ರಾರಂಭಿಸಿದ ‘ಲಂಕೇಶ್ ಪತ್ರಿಕೆ’. ಗುಂಡೂರಾಯರನ್ನು ‘ಗುಂ’ ಎಂದೂ ಬಂಗಾರಪ್ಪನವರನ್ನು ‘ಬಂ’ ಎಂದೂ ಮೊಟಕುಗೊಳಿಸಿದ ಪತ್ರಿಕೆ ಅದು. ಮುಖ್ಯಮಂತ್ರಿಗಳ ಹೆಸರಿಗೇ ಕತ್ತರಿ ಹಾಕಿದ ಈ ಬರವಣಿಗೆಯನ್ನು ಜನ ಚಹದಂಗಡಿಗಳಲ್ಲಿ ಗಟ್ಟಿಯಾಗಿ ಓದಿಸಿ ಕೇಳಿದರು. ಆದರೆ ಅದು ಓದುಗನನ್ನು ಕರೆದದ್ದು ಜಾಣ, ಜಾಣೆ ಎಂದು. ಚುಚ್ಚುಮಾತೆಲ್ಲ ವಿಧಾನಸೌಧದ ಕಡೆಗೆ, ಸಲಿಗೆಯೆಲ್ಲ ಓದುಗನ ಕಡೆಗೆ. ಇನ್ನೊಂದು ಮುಖ್ಯ ಸಂಗತಿ: ಆ ಪತ್ರಿಕೆ ಜಾಹೀರಾತುಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಬೈಯುವ ಬಾಯಿಗೆ ಬೇರೆಯವರ ಅನ್ನದ ಋಣವಿರಲಿಲ್ಲ. ಅದರ ಅನುಕರಣೆಗಳು ಹತ್ತಾರು ಬಂದವು. ಬೈಗುಳವನ್ನು ಚೆನ್ನಾಗಿ ಕಲಿತಿದ್ದವು, ಈ ನಿಯಮವನ್ನು ಕಲಿಯಲಿಲ್ಲ.

ಮಾತಿನ ಒರಟುತನಕ್ಕೆ ಬೆಲೆ ಎಲ್ಲಿಂದ ಬರುತ್ತದೆಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾದದ್ದಿಲ್ಲ. ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. 12ನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನಷ್ಟು ಕಟುವಾಗಿ ಮಾತಾಡಿದವರು ಇಲ್ಲವೆಂದರೆ ತಪ್ಪಾಗಲಾರದು. ಡಾಂಭಿಕರನ್ನು ಅವನು ಬೈದ ಬೈಗುಳಗಳಲ್ಲಿ ಕೆಲವನ್ನು ತರಗತಿಯಲ್ಲಿ ಓದಿಸುವಾಗ ಇಂದಿಗೂ ಹಿಂಜರಿಯುತ್ತೇವೆ. ಉಳಿದ ಶರಣರಲ್ಲಿ ಬಹುಮಂದಿ ವಚನದ ಕೊನೆಗೆ ತಮ್ಮ ಇಷ್ಟದೈವದ ಅಂಕಿತವನ್ನಿಟ್ಟರೆ, ಚೌಡಯ್ಯ ಇಟ್ಟದ್ದು ತನ್ನ ಹೆಸರನ್ನೇ. ಬೈದವನು ತಾನು, ಹೊಣೆ ತನ್ನದು, ಜಗಳಕ್ಕೆ ಬರುವವರು ದೋಣಿಯ ಹತ್ತಿರ ಬರಲಿ ಎಂಬ ಧಾಟಿ. ಈಗಿನ ಬೈಗುಳದ ಜಾಹೀರಾತನ್ನು ಬರೆದವನ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ಏಜನ್ಸಿಯ ಕೋಣೆಯಲ್ಲಿ ಯಾರೋ ಬರೆದದ್ದು, ಕಂಪನಿಯಲ್ಲಿ ಯಾರೋ ಒಪ್ಪಿದ್ದು. ಆಕ್ಷೇಪಣೆ ಬಂದರೆ ‘ಯಾರ ಭಾವನೆಗಾದರೂ ನೋವಾಗಿದ್ದರೆ’ ಎಂದು ಶುರುವಾಗುವ ಒಂದು ಪತ್ರ. ಎಂಟು ನೂರು ವರ್ಷಗಳ ಮೇಲೆಯೂ ಚೌಡಯ್ಯನ ಮಾತನ್ನು ಜನ ಇಟ್ಟುಕೊಂಡಿದ್ದಾರೆ. ಅವನಿಗೆ ಮಾರುವುದೇನೂ ಇರಲಿಲ್ಲವೆಂಬುದೂ ಒಂದು ಕಾರಣವಾಗಿರಬೇಕು.

ತನ್ನನ್ನು ತಾನೇ ಬೈದುಕೊಂಡು ಗಿರಾಕಿಯನ್ನು ಗೆಲ್ಲುವುದು ಇನ್ನೊಂದು ದಾರಿ. ನನಗೆ ಹೆಚ್ಚು ಹಿಡಿಸುವುದು ಅದೇ. 1960ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಚಿತ್ರ ಹಾಕಿ ಕೆಳಗೆ ‘ಲೆಮನ್’ ಎಂದು ಅಚ್ಚು ಮಾಡಿದರು. ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಕೆಟ್ಟ ಮಾಲು ಎಂದರ್ಥ. ಒಳಗಿನ ಒಂದು ಪಟ್ಟಿಯ ಮೇಲೆ ಸ್ವಲ್ಪ ಕಲೆಯಿದ್ದುದರಿಂದ ಆ ಕಾರನ್ನು ಪರೀಕ್ಷಕರು ತಿರಸ್ಕರಿಸಿದರೆಂದು ಕೆಳಗೆ ವಿವರಣೆ. ನಮ್ಮ ಬೀಚಿಯವರು ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟಾಗ ಮಾಡಿದ್ದೂ ಇಂಥದೇ. ಓದುಗನು ನಗುತ್ತ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾನೆ, ಚುಚ್ಚಿದ ಸೂಜಿ ಬರೆದವನ ಮೈಯಲ್ಲಿಯೇ ಇರುತ್ತದೆ.

ಕೊನೆಗೆ ನಮ್ಮ ಸಂತಪುರದ ಪೇಟೆಗೆ ಬರೋಣ. ಇಲ್ಲಿಯ ಒಂದು ಬಟ್ಟೆ ಅಂಗಡಿಯವರ ಮಗ ಬೆಂಗಳೂರಿನಲ್ಲಿ ಓದಿ ಬಂದವನು. ಹೋದ ದೀಪಾವಳಿಗೆ ಅಂಗಡಿಯ ಮೇಲೆ ದೊಡ್ಡ ಬ್ಯಾನರು ಕಟ್ಟಿಸಿದ: ‘ಏನ್ ಗುರೂ, ಇನ್ನೂ ಅದೇ ಹಳೇ ಅಂಗಿನಾ?’ ಬೆಂಗಳೂರಿನ ಹುಡುಗರು ಒಬ್ಬರನ್ನೊಬ್ಬರು ಕೂಗುವ ‘ಗುರು’ ಅದು. ನಮ್ಮಲ್ಲಿ ಗುರು ಎಂದರೆ ಮಠದಲ್ಲಿ ಕೂಡುವವರು. ಸಂತೆಗೆ ಬಂದ ರೈತರೊಬ್ಬರು, ಎಪ್ಪತ್ತು ದಾಟಿದವರು, ಅಕ್ಷರ ಕೂಡಿಸಿ ಕೂಡಿಸಿ ಓದಿ, ನನ್ನ ಕಡೆ ತಿರುಗಿ ಕೇಳಿದರು: ‘ಗುರುಗಳಿಗಿ ಹಿಂಗ ಅಂತಾರೇನ್ರಿ ಮಾಸ್ತರ?’ ನನಗೆ ಉತ್ತರ ತೋಚಲಿಲ್ಲ. ಅವರಿಗೆ ತಮ್ಮ ಅಂಗಿಯ ಬಗ್ಗೆ ಅಂದದ್ದೆಂದು ಹೊಳೆಯಲೂ ಇಲ್ಲ. ಯಾವುದೋ ಸ್ವಾಮಿಗಳಿಗೆ ಅವಮಾನವಾಯಿತೆಂದು ನೊಂದುಕೊಂಡು ಎದುರಿನ ಅಂಗಡಿಗೆ ಹೋದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗಬಾರದು. ಬೀದರದವರು ಏಕವಚನಕ್ಕೆ ಅಂಜುವ ಜನವಲ್ಲ. ತಾಯಿಗೆ ‘ನೀ’, ದೇವರಿಗೆ ‘ನೀ’, ಸಿಟ್ಟು ಬಂದಾಗ ಎತ್ತಿಗೂ ಅಳಿಯನಿಗೂ ಒಂದೇ ಬೈಗುಳ. ಆದರೆ ಗುರುತಿಲ್ಲದವನ ಜೊತೆ ಮಾತು ತೆಗೆದರೆ ಪ್ರತಿ ಶಬ್ದದ ಬಾಲಕ್ಕೂ ಒಂದು ‘ರಿ’ ಬಂದು ಕೂಡುತ್ತದೆ. ಆ ‘ರಿ’ ಯಾವಾಗ ಉದುರಬೇಕು ಎಂಬುದನ್ನು ನಿರ್ಣಯಿಸುವವನು ಕೇಳುವವನು, ಆಡುವವನಲ್ಲ. ಎರಡು ಹಬ್ಬ, ಒಂದು ಮದುವೆ, ಒಂದು ಉದ್ರಿಯ ಜಗಳ ಆದ ಮೇಲೆ ಅದು ತಾನೇ ಉದುರುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುವ ಪೇಟೆಯಲ್ಲಿ ಈ ಎಚ್ಚರ ಇನ್ನಷ್ಟು ಹೆಚ್ಚು. ಒಂದು ಭಾಷೆಯ ಚೇಷ್ಟೆ ಇನ್ನೊಂದು ಭಾಷೆಯಲ್ಲಿ ಕಲಹವಾದೀತು. ಬ್ಯಾನರಿಗೆ ಕಾಯುವ ವ್ಯವಧಾನವಿಲ್ಲ. ಮೊದಲ ದಿನವೇ ಅದು ‘ರಿ’ಯನ್ನು ಕಿತ್ತು ಎಸೆಯುತ್ತದೆ.

ಬೋರ್ಡು ಮತ್ತು ಒಳಗಿನ ಮಾತು ಬೇರೆ ಬೇರೆ ಆಗಿರಬಹುದೆಂಬ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ನಿಜಾಮನ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆಯನ್ನು ಇಲ್ಲಿ ಎಲ್ಲರೂ ಬಲ್ಲರು. ಅಷ್ಟು ದೊಡ್ಡ ಮಾತಿಗೆ ಈ ಬಟ್ಟೆ ಅಂಗಡಿಯನ್ನು ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ಮೊನ್ನೆ ಸಂತೆಯ ದಿನ ಆ ದಾರಿಯಲ್ಲಿ ಹೋಗುವಾಗ ಕಂಡದ್ದನ್ನು ಹೇಳಿಬಿಡುತ್ತೇನೆ. ಬ್ಯಾನರು ಇನ್ನೂ ಇತ್ತು, ಬಿಸಿಲಿಗೆ ಬಣ್ಣ ಮಾಸಿ ‘ಗುರೂ’ ಒಂದೇ ಓದಿಸುತ್ತಿತ್ತು. ಅದರ ಕೆಳಗೆ, ಮೆಟ್ಟಿಲ ಮೇಲೆ, ಅದೇ ಹುಡುಗ ಟೇಪು ಕೊರಳಿಗೆ ಹಾಕಿಕೊಂಡು ನಿಂತು, ಹೋಗುವವರನ್ನೆಲ್ಲ ಕರೆಯುತ್ತಿದ್ದ: ‘ಬರ್ರಿ ಕಾಕಾ, ಒಳಗ ಬರ್ರಿ, ನೆಳ್ಳಾಗ ಕೂಡ್ರಿ.’